ಬೈಲಹೊಂಗಲದಲ್ಲಿ ಹುಟ್ಟಿದ ಗೇರ್‌ಬಾಕ್ಸ್

ಪಕ್ಕದ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊನ್ನೆ ಅವಳ ತಾಯಿ ಕೂಸಿಗೆ ಕಾಡಿಗೆ ಮಾಡಲು ಔಡಲ ಎಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿದ್ದರು. ಸುಟ್ಟ ಔಡಲ ಎಣ್ಣೆಯ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೂ ಬಂತು. ಯಾರಿಗಾದರೂ ಆ ವಾಸನೆಗೆ ತೊಟ್ಟಿಲು, ಕುಲಾವಿ, ಬಾಣಂತಿ ಕೋಣೆ ನೆನಪಾಗಬೇಕು. ನನಗೆ ನೆನಪಾದದ್ದು ಒಂದು ರೇಸ್ ಕಾರು. ಅದರ ಬೆನ್ನಿಗೇ ಒಬ್ಬ ಮನುಷ್ಯನ ಮೇಲಿನ ಸಿಟ್ಟು. ಏಳು ವರ್ಷ ಕಳೆದರೂ ಆ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂದು ನಾನು ಯಾವ ದೇವರಿಗೂ ಬೇಡಿಕೊಂಡಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತ ಸುಮ್ಮನೆ ನಿಂತಿದ್ದೆ.

ಈಗ ನಾನು ಸವದತ್ತಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆ ವರ್ಷ ಎಂ.ಎಸ್ಸಿ. ಮುಗಿಸಿ, ಸಿಕ್ಕಸಿಕ್ಕಲ್ಲಿಗೆ ಅರ್ಜಿ ಹಾಕುತ್ತ ಬೈಲಹೊಂಗಲದಲ್ಲಿ ಚನಬಸಪ್ಪ ಮಾಮಾನ ಮನೆಯಲ್ಲಿದ್ದೆ. ಮಾಮಾ ನನ್ನ ತಾಯಿಯ ತಮ್ಮ, ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು. ಮುರಗೋಡ ರಸ್ತೆಯಲ್ಲಿ ಅವನದೊಂದು ಲೇಥ್ ಅಂಗಡಿ. ಎರಡು ಲೇಥ್, ಒಂದು ಡ್ರಿಲ್ಲಿಂಗ್ ಯಂತ್ರ, ಗೋಡೆಗೆ ಬಸವಣ್ಣನ ಫೋಟೊ, ಎಲ್ಲದರ ಮೇಲೂ ಒಂದೇ ದಪ್ಪದ ಗ್ರೀಸು. ದಸರೆಯಿಂದ ಯುಗಾದಿಯ ತನಕ ಕಬ್ಬಿನ ಹಂಗಾಮು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹಗಲೆಲ್ಲ ಹರಿದಾಡುತ್ತಿದ್ದವು. ಅಳತೆ ಮೀರಿ ಹೇರುವುದು, ಎಲ್ಲೋ ಎರಿ ನೆಲದ ಕಪ್ಪು ಮಣ್ಣಿನಲ್ಲಿ ಹೂತು ಗೇರ್‌ಬಾಕ್ಸ್ ಒಡೆದುಕೊಳ್ಳುವುದು, ಮಾಮಾನ ಮುಂದೆ ಬಂದು ಕೈಮುಗಿಯುವುದು. ಇದು ಪ್ರತಿ ವರ್ಷದ ಪದ್ಧತಿ. ಕಂಪನಿಯಿಂದ ಗೇರ್‌ಬಾಕ್ಸಿನ ಹೊಸ ಹೊರಪೆಟ್ಟಿಗೆ ಬರುವ ತನಕ ಕಬ್ಬು ಕಾಯುವುದಿಲ್ಲ. ಆದ್ದರಿಂದ ಮಾಮಾ ತಾನೇ ಅಚ್ಚು ಕೆತ್ತಿ, ಬೆಳಗಾವಿಯಲ್ಲಿ ಎರಕ ಹೊಯ್ಯಿಸಿ, ತಂದು ಕೊರೆದು ಕೂಡಿಸುತ್ತಿದ್ದ. ಅವನು ಕೂಡಿಸಿದ್ದು ಮತ್ತೆ ಒಡೆದು ಬಂದದ್ದನ್ನು ನಾನು ನೋಡಿಲ್ಲ.

ದಸರೆಯ ಖಂಡೆ ಪೂಜೆಯ ಮರುದಿನ, ಲೇಥ್‌ಗೆ ಹಾಕಿದ ಚೆಂಡು ಹೂವು ಇನ್ನೂ ಬಾಡಿರಲಿಲ್ಲ, ಅಂಗಡಿಯ ಮುಂದೆ ಒಂದು ಲಾರಿ ಬಂದು ನಿಂತಿತು. ಹಿಂದೆಯೇ ಒಂದು ದೊಡ್ಡ ಕಾರು. ಕಾರಿನಿಂದ ಇಳಿದವರು ಪುಣೆಯ ಸಾಹೇಬರು. ಅವರ ಹೆಸರು ಬರೆಯುವುದಿಲ್ಲ. ಅವರು ಕೊನೆಯ ದಿನದವರೆಗೂ ನನ್ನ ಮಾಮಾನ ಹೆಸರು ಕೇಳಲಿಲ್ಲ, ಬರೀ ‘ಮಿಸ್ತ್ರಿ’ ಎಂದರು. ನಾನೇಕೆ ಅವರ ಹೆಸರಿಗೆ ಇಲ್ಲಿ ಜಾಗ ಕೊಡಲಿ? ತಾಯಿಯ ತವರು ಕಿತ್ತೂರಿನ ಕಡೆ ಇದ್ದದ್ದರಿಂದ ಅವರಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಅದೇ ಮೊದಲ ಮೋಸ. ನಮ್ಮ ಮಾತಾಡುವವರು ನಮ್ಮವರೇ ಎಂದು ತಿಳಿದುಬಿಟ್ಟೆವು.

ಲಾರಿಯ ತಾಡಪತ್ರಿ ತೆಗೆದರೆ ಒಳಗೆ ಒಂದು ಕಾರು. ಬಾಗಿಲಿಲ್ಲ, ತಲೆಯ ಮೇಲೆ ಚಾವಣಿಯಿಲ್ಲ, ದೀಪವಿಲ್ಲ. ಕೂರಲು ಒಬ್ಬರಿಗೆ ಸಾಲುವಷ್ಟು ಜಾಗ. ಮೂತಿ ಉದ್ದ, ಬಾಲ ಚೂಪು, ಬೈಸಿಕಲ್ಲಿನ ಹಾಗೆ ಕಡ್ಡಿಗಳಿರುವ ಗಾಲಿಗಳು, ಬಾನೆಟ್ಟಿಗೆ ಚರ್ಮದ ಬೆಲ್ಟು. ಬಣ್ಣ ಯಾವುದಿತ್ತೋ, ಕೋಳಿ ಹಿಕ್ಕೆಯಲ್ಲಿ ಮುಚ್ಚಿಹೋಗಿತ್ತು. ರಾಮದುರ್ಗದಿಂದ ಆಚೆಗಿನ ಹಳ್ಳಿಯ ಒಂದು ವಾಡೆಯಲ್ಲಿ, ಮೇವಿನ ಕೋಣೆಯೊಳಗೆ, ಕಣಿಕೆಯ ಕೆಳಗೆ ಎಷ್ಟೋ ದಶಕ ಕಾಲ ಬಿದ್ದಿತ್ತಂತೆ. ಆ ಮನೆಯ ಹಿರಿಯರೊಬ್ಬರು ಮುಂಬಯಿಯಿಂದ ಶೋಕಿಗೆ ಕೊಂಡು ತಂದರು, ಒಂದೆರಡು ಸಲ ಓಡಿಸಿದರು, ಗೇರ್‌ಬಾಕ್ಸ್ ಒಡೆಯಿತು, ಅಲ್ಲಿಗೆ ಶೋಕಿ ಮುಗಿಯಿತು.

ಸಾಹೇಬರು ವಿವರಿಸಿದರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನಲ್ಲಿ ಗ್ರ್ಯಾಂಡ್ ಪ್ರಿ ಎಂಬ ಪಂದ್ಯಗಳಲ್ಲಿ ಓಡಿದ ಕಾರುಗಳಲ್ಲಿ ಇದೂ ಒಂದು. ಇಂಥವು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಅವನ್ನೆಲ್ಲ ಹುಡುಕಿ, ದುರಸ್ತಿ ಮಾಡಿ, ಹಳೆಯ ಪಂದ್ಯಗಳನ್ನೇ ಮತ್ತೆ ನಡೆಸುತ್ತಾರೆ. ನೋಡಲು ದೇಶ ದೇಶದಿಂದ ಜನ ಬರುತ್ತಾರೆ. ಅಲ್ಲಿ ಇದನ್ನು ಓಡಿಸುವುದು ಅವರ ಜೀವಮಾನದ ಆಸೆ, ಅದಕ್ಕೆ ಕಾರಿನ ಕಾಗದಪತ್ರ ಮಾಡಿಸಬೇಕು. ಎಂಜಿನ್ನು ಪುಣೆಯಲ್ಲಿ ಆಗಲೇ ದುರಸ್ತಿಯಾಗಿತ್ತು. ಗೇರ್‌ಬಾಕ್ಸಿನ ಹೊರಪೆಟ್ಟಿಗೆ ಮಾತ್ರ ಮೂಲೆಯಿಂದ ಮೂಲೆಗೆ ಸೀಳಿತ್ತು. ವಿಲಾಯತಿಯ ವರ್ಕ್‌ಶಾಪಿನವರು ವರ್ಷಗಟ್ಟಲೆ ಕಾಯಿರಿ ಎಂದಿದ್ದರಂತೆ. ಸಕ್ಕರೆ ಕಾರ್ಖಾನೆಯಲ್ಲಿ ಯಾರೋ ಮಾಮಾನ ಹೆಸರು ಹೇಳಿದ್ದರು.

ಮಾಮಾ ಧೋತರ ಎತ್ತಿ ಕಟ್ಟಿ ಕಾರಿನ ಕೆಳಗೆ ಹೋದವನು ಅರ್ಧ ಗಂಟೆ ಹೊರಗೆ ಬರಲಿಲ್ಲ.

“ಮಿಸ್ತ್ರಿ, ಇದು ಯಾವ ಗಾಡಿ ಗೊತ್ತಾತೇನು?” ಸಾಹೇಬರು ಬಗ್ಗಿ ಕೇಳಿದರು.

“ಗೊತ್ತಾಗಲಿಲ್ರಿ,” ಕೆಳಗಿನಿಂದ ದನಿ ಬಂತು. “ಆದ್ರ ಮಾಡಿದಾಂವ ಭಾಳ ಶ್ಯಾಣ್ಯಾ ಅದಾನ್ರಿ. ಒಂದ ಕಡೆ ಅಷ್ಟ ತಪ್ಪ್ಯಾನ.”

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, ಮಾಡಿಕೊಡುತ್ತೇನೆ ಎಂದ. ಆಮೇಲೆ ಅವನು ಕೇಳಿದ್ದನ್ನು ನಾನು ಅಕ್ಷರಶಃ ಬರೆಯುತ್ತೇನೆ, ಏಕೆಂದರೆ ಈ ಇಡೀ ಸಂಗತಿ ನಿಂತಿರುವುದು ಅದರ ಮೇಲೆ.

“ನಂದೊಂದು ಮಾತೈತ್ರಿ ಸಾಹೇಬ್ರ. ಈ ಗಾಡಿಗೆ ಕಾಗದಪತ್ರ ಮಾಡಸ್ತೀವಿ ಅಂದ್ರೆಲ್ಲ, ಅದರಾಗ ಪೆಟ್ಟಿಗಿ ಬೈಲಹೊಂಗಲದಾಗ ಚನಬಸಪ್ಪ ಮಾಡ್ಯಾನ ಅಂತ ಒಂದ ಸಾಲು ಬರಸ್ರಿ. ಮೂವತ್ತ ವರ್ಷ ಆತು, ನಾ ಮಾಡಿದ್ದೆಲ್ಲ ಎಣ್ಣ್ಯಾಗ ಮುಳಗಿ ಕುಂತಿರ್ತೈತಿ. ಯಾರಿಗೂ ಕಾಣೂದಿಲ್ಲ. ಇದೊಂದು ಕಾಣ್ಲಿ.”

“ಅಷ್ಟ ಏನ್ ಮಿಸ್ತ್ರಿ? ಬರಸೂಣು,” ಎಂದರು ಸಾಹೇಬರು, ನಕ್ಕು.

ಆ ಹಂಗಾಮಿನಲ್ಲಿ ಮಾಮಾ ಟ್ರ್ಯಾಕ್ಟರಿನವರಿಗೆ ಅರ್ಧ ದಿನ, ಕಾರಿಗೆ ಅರ್ಧ ದಿನ ಎಂದು ಭಾಗ ಮಾಡಿಕೊಂಡ. ಸಾಗುವಾನಿ ಹಲಗೆಯಲ್ಲಿ ಪೆಟ್ಟಿಗೆಯ ಅಚ್ಚನ್ನು ಕೆತ್ತಲು ಕೂತರೆ ಊಟಕ್ಕೆ ಕರೆದರೂ ಕೇಳುತ್ತಿರಲಿಲ್ಲ. ಸೀಳಿದ ಹಳೆಯ ಪೆಟ್ಟಿಗೆ ಪಕ್ಕದಲ್ಲಿ, ಅಳತೆಗಳ ವಹಿ ನನ್ನ ಕೈಯಲ್ಲಿ. ಸಾಹೇಬರು ಕಳಿಸುವ ಇಂಗ್ಲಿಷ್ ಕಾಗದ, ನಕಾಶೆಗಳನ್ನು ಓದಿ ಹೇಳುವುದು ನನ್ನ ಕೆಲಸ. ಮಾಮಾನಿಗೆ ಇಂಗ್ಲಿಷ್ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಮೊದಲ ಎರಕದಲ್ಲಿ ಗುಳ್ಳೆ ಬಿದ್ದವು. ಎರಡನೆಯದು ಆರುವಾಗ ಬಿರಿಯಿತು. ಅಲ್ಯೂಮಿನಿಯಂ ಸರಿಯಿಲ್ಲ ಎಂದು ಮಾಮಾ ಊರೆಲ್ಲ ಸುತ್ತಿ ಹಳೆಯ ಸ್ಕೂಟರು, ಬೈಕುಗಳ ಪಿಸ್ಟನ್‌ಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದ. ಅವನ್ನು ಕರಗಿಸಿ ಹೊಯ್ದ ಮೂರನೆಯದು ಬೆಲ್ಲದ ಅಚ್ಚಿನಂತೆ ಇಡಿಯಾಗಿ ಕೂತಿತು.

ಆ ಮೂರನೆಯದರಲ್ಲಿ ಒಂದು ವ್ಯತ್ಯಾಸವಿತ್ತು. ಪೆಟ್ಟಿಗೆಯ ಮೂಲೆಗೆ ಆಸರೆಯಾಗಿ ಹೊರಗಡೆ ಉಬ್ಬು ಪಟ್ಟಿಗಳಿರುತ್ತವೆ, ಅಂಗಡಿಯಲ್ಲಿ ಅದಕ್ಕೆ ರಿಬ್ಬು ಅನ್ನುತ್ತಾರೆ. ಹಳೆಯದರಲ್ಲಿ ಎರಡು ರಿಬ್ಬುಗಳಿದ್ದವು. ಮಾಮಾ ಮೂರು ಹಾಕಿದ್ದ. ಕಬ್ಬಿನ ಟ್ರ್ಯಾಕ್ಟರುಗಳ ಪೆಟ್ಟಿಗೆ ಸೀಳುವುದೂ ಅದೇ ಮೂಲೆಯಲ್ಲಿ, ಅವಕ್ಕೂ ಅವನು ಅಲ್ಲೇ ಓರೆಯಾಗಿ ಒಂದು ರಿಬ್ಬು ಹಾಕುತ್ತಿದ್ದ. ಅದು ಅವನ ಕೈಯ ರೂಢಿ.

“ಮಾಮಾ, ಇದ್ದದ್ದು ಇದ್ದಂಗ ಮಾಡ್ರಿ ಅಂತ ಬರದಾರ,” ಎಂದೆ.

“ಇದ್ದಂಗ ಮಾಡಿದ್ರ ಇದ್ದಂಗ ಒಡೀತೈತಿ,” ಎಂದ.

ಸಾಹೇಬರಿಗೆ ಫೋನಿನಲ್ಲಿ ಹೇಳಿದೆವು. ಗಟ್ಟಿಯಿರುವುದಾದರೆ ಇರಲಿ ಎಂದರು. ಆಗ ಅವರಿಗೂ ಕಾರು ಓಡಿದರೆ ಸಾಕಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಮುನವಳ್ಳಿಯಿಂದ ಆಚೆ ಹೋದೆವು. ಅಲ್ಲಿ ಮಲಪ್ರಭೆಯ ಹಿನ್ನೀರಿನ ಕಡೆಗೆ ಒಂದು ನೆಟ್ಟನೆಯ ರಸ್ತೆಯಿದೆ, ಆ ಹೊತ್ತಿಗೆ ವಾಹನ ಕಡಿಮೆ. ಎರಡೂ ಕಡೆ ಹಾಲುಗಾಳು ತುಂಬಿದ ಬಿಳಿಜೋಳ. ತಣ್ಣನೆಯ ಗಾಳಿ. ಸಾಹೇಬರು ಕಳಿಸಿದ್ದ ವಿಲಾಯತಿ ಎಣ್ಣೆಯ ಡಬ್ಬಿ ಖಾಲಿಯಾಗಿತ್ತು. ಅದರ ಮೇಲೆ ಬರೆದದ್ದನ್ನು ಓದಿ, ಇದು ಔಡಲ ಎಣ್ಣೆಯೇ ಎಂದು ನಾನು ಹೇಳಿದಾಗ ಮಾಮಾ ಮಗುವಿನ ಹಾಗೆ ಖುಷಿಪಟ್ಟಿದ್ದ. ಗಾಣದಿಂದ ತಂದು, ನಾಲ್ಕು ಸಲ ಸೋಸಿ ಎಂಜಿನ್ನಿಗೆ ಹೊಯ್ದಿದ್ದ. ಹ್ಯಾಂಡಲ್ ತಿರುವಿದೊಡನೆ ಕಾರು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಎಂಥ ಸದ್ದು ಮಾಡಿತೆಂದರೆ ಹೊಲದಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ನೀಲಿ ಹೊಗೆ, ಬಾಣಂತಿ ಕೋಣೆಯ ವಾಸನೆ.

ಎತ್ತು ಬೆದರಿ ಹಗ್ಗ ಕಿತ್ತುಕೊಂಡ ರೈತರೊಬ್ಬರು ಬಾರಕೋಲು ಹಿಡಿದೇ ರಸ್ತೆಗೆ ಬಂದರು. “ಏನ್ ತಂದೀರಿ ಇದನ್ನ? ವಿಮಾನದ್ದ ಮುರಕ ತುಂಡೇನು?”

“ರೇಸಿನ ಗಾಡಿ ಐತ್ರಿ ಯಜಮಾನ್ರ,” ಎಂದೆ.

“ಸೈಲೆನ್ಸರ್ ಹಾಕ್ಸೂದು ಮರತೀರೇನು?”

“ಇದಕ್ಕ ಇರೂದಿಲ್ರಿ.”

“ಗೇಣ ಜಾಗಾದಾಗ ಒಬ್ಬಾಂವ ಕುಂಡ್ರತಾನ, ಊರಿಗೆಲ್ಲ ಕೇಳಸ್ತಾನ,” ಎಂದು ಅವರು ಎತ್ತು ಹುಡುಕುತ್ತ ಹೋದರು.

ಮಾಮಾ ತಲೆಗೆ ವಸ್ತ್ರ ಬಿಗಿದುಕೊಂಡು ತಾನೇ ಓಡಿಸಿದ. ಪುಣೆಯಿಂದ ಬಂದಿದ್ದ ಮೆಕ್ಯಾನಿಕ್ಕು ಬೇಡ ಎನ್ನುತ್ತಲೇ ಇದ್ದ. ಮೊದಲ ಗೇರು, ಎರಡು, ಮೂರು. ಸದ್ದು ದೂರ ಹೋಗಿ ಜೋಳದ ಹಿಂದೆ ಮರೆಯಾಗಿ, ಸ್ವಲ್ಪ ಹೊತ್ತಿಗೆ ತಿರುಗಿ ಬಂತು. ಇಳಿದವನ ಮುಖಕ್ಕೆಲ್ಲ ಎಣ್ಣೆಯ ಚುಕ್ಕಿಗಳು. ಗೇರ್‌ಬಾಕ್ಸಿನ ಕೆಳಗೆ ಕೈಯಾಡಿಸಿ ನನಗೆ ತೋರಿಸಿದ. ಒಂದು ಹನಿಯೂ ಸೋರಿರಲಿಲ್ಲ. ಆ ದಿನ ಹೊಲದವರೇ ಎಳೆ ಜೋಳದ ತೆನೆ ಸುಟ್ಟು ಸೀತನಿ ಕೊಟ್ಟರು. ಮಾಮಾ ಬೇಡವೆನ್ನದೆ ಎರಡು ಬೊಗಸೆ ತಿಂದು, “ನನಗ ಇನ್ನ ಏನೂ ಬ್ಯಾಡ ಲೀಲಾ,” ಎಂದ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಯುಗಾದಿಗೆ ಎಂಟು ದಿನ ಇರುವಾಗ ಸಾಹೇಬರು ಕಾರು ಒಯ್ಯಲು ಬಂದರು. ಇಲ್ಲಿಂದ ಮುಂದೆ ಬರೆಯುವುದಕ್ಕೆ ನನ್ನ ಕೈ ಹಿಂಜರಿಯುತ್ತದೆ. ಏಕೆಂದರೆ ಇಲ್ಲಿಯ ತನಕ ನನ್ನ ಸಿಟ್ಟು ಬರೀ ಆ ಮನುಷ್ಯನ ಮೇಲೆ ಇದ್ದ ಹಾಗೆ ಕಾಣುತ್ತಿತ್ತು.

ಮಾಮಾ ಒಳಗೆ ಕೈಕಾಲು ತೊಳೆಯುತ್ತಿದ್ದ. ಸಾಹೇಬರು ಚೀಲದಿಂದ ಒಂದು ಟೈಪ್ ಮಾಡಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ ಎಂಟು ಸಾಲು. ಈ ಗೇರ್‌ಬಾಕ್ಸ್ ಕಾರಿನೊಂದಿಗೆ ಬಂದ ಮೂಲ ಗೇರ್‌ಬಾಕ್ಸೇ, ನಮ್ಮ ಅಂಗಡಿಯಲ್ಲಿ ಇದನ್ನು ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಜೋಡಿಸಲಾಗಿದೆ, ಹೊಸದಾಗಿ ಯಾವ ಭಾಗವನ್ನೂ ಮಾಡಿಲ್ಲ. ಕೆಳಗೆ ಮಾಮಾನ ಹೆಸರು, ಸಹಿಗೆ ಜಾಗ. ಹಳೆಯ ಪೆಟ್ಟಿಗೆಯ ಮುಚ್ಚಳ ಗಟ್ಟಿಯಿದ್ದದ್ದರಿಂದ ಅದನ್ನೇ ಹೊಸದರ ಮೇಲೆ ಕೂಡಿಸಿದ್ದೆವು. ಕಾರ್ಖಾನೆಯ ನಂಬರು ಇದ್ದದ್ದು ಆ ಮುಚ್ಚಳದ ಮೇಲೆ. ನಂಬರು ನೋಡಿದವರು ಪೆಟ್ಟಿಗೆಯೂ ಹಳೆಯದೇ ಎಂದು ನಂಬುತ್ತಿದ್ದರು.

“ಇದು ಸುಳ್ಳೈತಲ್ರಿ,” ಎಂದೆ.

“ನೀವು ಓದಿದವರು, ನಿಮಗ ತಿಳೀತೈತಿ,” ಎಂದರು ಸಾಹೇಬರು, ಬಹಳ ಮೆತ್ತಗೆ. “ಪೆಟ್ಟಿಗಿ ಹೊಸಾದು ಅಂದ್ರ ಅವರು ಗಾಡಿ ರೇಸಿಗೆ ಇಳಸಾಕ ಬಿಡೂದಿಲ್ಲ. ನಿಮ್ಮ ಮಾಮಾನ ಕೆಲಸ ಶೆಡ್ಡಿನಾಗ ಕೊಳೀತೈತಿ. ಅವರಿಗೆ ಗಾಡಿ ಓಡೂದು ಬೇಕೋ, ಒಂದ ಸಾಲು ಬೇಕೋ? ಹೇಳಿದ್ರ ಮಿಸ್ತ್ರಿ ಮನಸಿಗೆ ಹಚ್ಚಿಕೋತಾರ. ನೀವಽ ಸಂಭಾಳಿಸ್ರಿ.”

ನಾನು ಮುನವಳ್ಳಿಯ ರಸ್ತೆಯಲ್ಲಿ ಮಾಮಾನ ಮುಖ ನೋಡಿದ್ದೆ. ಆ ಕಾರು ಓಡಲೇಬೇಕು ಎಂದು ನನಗೂ ಅನ್ನಿಸಿತ್ತು. ಜತೆಗೆ, ಈಗ ಒಪ್ಪಿಕೊಳ್ಳುತ್ತೇನೆ, ಅಷ್ಟು ದೊಡ್ಡ ಮನುಷ್ಯರು ನನ್ನನ್ನು ಓದಿದವಳು ಎಂದು ಕರೆದು ಸಲಹೆ ಕೇಳಿದ್ದು ಒಳಗೊಳಗೇ ಹಿತವಾಗಿತ್ತು.

ಮಾಮಾ ವಿಭೂತಿ ಹಚ್ಚಿಕೊಂಡು ಬಂದು ಕೂತ. “ಓದವಾ, ಏನ್ ಬರದಾರ ಕೇಳೂಣು.”

ನಾನು ಕಾಗದವನ್ನು ಮುಖದ ಮುಂದೆ ಹಿಡಿದು ಓದಿದೆ. “ಈ ಗಾಡಿಯ ಗೇರ್‌ಬಾಕ್ಸಿನ ಪೆಟ್ಟಿಗಿ ಒಡದಿತ್ತು. ಅದನ್ನ ಬೈಲಹೊಂಗಲದಾಗ ಚನಬಸಪ್ಪ ಅವರು ಹೊಸದಾಗಿ ಮಾಡ್ಯಾರ, ಅಂತ ಬರದಾರ.”

“ನನ್ನ ಹೆಸರು ಎಲ್ಲೈತಿ, ತೋರ್ಸು.”

ಕೆಳಗಿದ್ದ ಹೆಸರಿನ ಮೇಲೆ ಬೆರಳಿಟ್ಟೆ. ಅವನು ಕನ್ನಡಕ ಹಾಕಿಕೊಂಡು, ತನಗೆ ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದ. ಕಾಗದಕ್ಕೆ ಎಣ್ಣೆ ಹತ್ತಬಾರದೆಂದು ಅಂಗೈ ಕೆಳಗೆ ವಸ್ತ್ರ ಹಾಕಿಕೊಂಡಿದ್ದ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ನಮ್ಮ ಭಾಗದ ಮಿಸ್ತ್ರಿಗಳಲ್ಲಿ ಒಂದು ಪದ್ಧತಿಯಿದೆ. ಯಾವ ಭಾಗ ಬದಲಿಸಿದರೂ ತೆಗೆದ ಹಳೆಯ ಸಾಮಾನನ್ನು ಒರೆಸಿ, ವಸ್ತ್ರದಲ್ಲಿ ಕಟ್ಟಿ ಮಾಲಕರ ಕೈಗೆ ಕೊಡಬೇಕು. ಬದಲಿಸಿದ್ದು ನಿಜ ಎಂಬುದಕ್ಕೆ ಅದೇ ಸಾಕ್ಷಿ. ಕೊಡದವನನ್ನು ಕಳ್ಳ ಅನ್ನುತ್ತಾರೆ. ಮಾಮಾ ಸೀಳಿದ ಹಳೆಯ ಪೆಟ್ಟಿಗೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕುಂಕುಮ ಹಚ್ಚಿ, ಹೊಸ ವಸ್ತ್ರದಲ್ಲಿ ಕಟ್ಟಿಟ್ಟಿದ್ದ. ಅದನ್ನು ಎರಡೂ ಕೈಯಿಂದ ಸಾಹೇಬರಿಗೆ ಕೊಟ್ಟ. “ನೋಡ್ಕೋರಿ, ನಿಮ್ಮ ಸಾಮಾನು ನಿಮಗ.” ಸಾಹೇಬರು ತಗೊಂಡರು, ತಲೆಬಾಗಿ ನಮಸ್ಕಾರವನ್ನೂ ಮಾಡಿದರು. ಪೆಟ್ಟಿಗೆ ಹೊಸದೆಂದು ತೋರಿಸಲು ಜಗತ್ತಿನಲ್ಲಿದ್ದ ಮುಖ್ಯ ಸಾಕ್ಷಿಯನ್ನು, ಪ್ರಾಮಾಣಿಕತೆಯ ಹೆಸರಿನಲ್ಲಿ, ನಾವೇ ಕಟ್ಟಿ ಕೊಟ್ಟು ಕಳಿಸಿದೆವು. ಇಂಥ ತಪ್ಪು ನಮ್ಮೂರಿನ ಮಿಸ್ತ್ರಿಗಳು ಮಾತ್ರ ಮಾಡಬಲ್ಲರು. ಆ ಸೀಳಿದ ಪೆಟ್ಟಿಗೆಯನ್ನು ಆಮೇಲೆ ಯಾರೂ ನೋಡಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಕಾರು ಯುರೋಪಿನಲ್ಲಿ ಓಡಿತು. ಅಂಗಡಿಯಲ್ಲಿ ನನ್ನ ಫೋನನ್ನು ಲೇಥ್‌ಗೆ ಒರಗಿಸಿಟ್ಟು ನೋಡಿದೆವು. ಬೆಟ್ಟದ ತಿರುವುಗಳಲ್ಲಿ ಅದು ಹತ್ತುವುದೇನು, ಇಳಿಯುವುದೇನು. ಗೇರು ಬದಲಾಗುವ ಸದ್ದನ್ನು ಮಾಮಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ವೀಕ್ಷಕ ವಿವರಣೆ ನೀಡುವವನು ಹೇಳುತ್ತಿದ್ದ, ಈ ಕಾರಿನ ವಿಶೇಷವೆಂದರೆ ಇದರ ಗೇರ್‌ಬಾಕ್ಸ್ ಕೂಡ ಮೂಲದ್ದೇ, ಭಾರತದ ಒಣ ಹವೆ ಅದನ್ನು ಕಾಪಾಡಿದೆ ಎಂದು. ಒಣ ಹವೆಯಂತೆ. ನಲವತ್ತು ಪಿಸ್ಟನ್ ಹೊತ್ತು ತಂದ ಹೆಗಲು ನನ್ನ ಪಕ್ಕದಲ್ಲೇ ಕೂತಿತ್ತು.

“ಏನಂತಾನ ಆಂವ?” ಮಾಮಾ ಕೇಳಿದ.

“ಗೇರ್‌ಬಾಕ್ಸ್ ಛಲೋ ಐತಿ ಅಂತಾನ,” ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಅವತ್ತು ಮನೆಗೆ ಬಂದು ಆ ಪಂದ್ಯದ ನಿಯಮಗಳನ್ನು ಹುಡುಕಿ ಓದಿದೆ. ಮೊದಲೇ ಓದಬೇಕಿತ್ತು. ಅರ್ಜಿ ನಮೂನೆಗಳನ್ನು ದಿನಕ್ಕೆ ಹತ್ತು ಓದುತ್ತಿದ್ದ ನನಗೆ ಇದನ್ನು ಓದಬೇಕೆಂದು ಹೊಳೆದಿರಲಿಲ್ಲ. ಹಳೆಯ ಭಾಗ ಒಡೆದು ಹೊಸದು ಮಾಡಿಸಿದ್ದರೆ ಅಡ್ಡಿಯೇನಿಲ್ಲ. ಏನು ಮಾಡಿಸಿದ್ದು, ಏನು ಬದಲಾಯಿತು ಎಂದು ತಿಳಿಸಿದರೆ ಅವರು ಪರೀಕ್ಷಿಸಿ ಓಡಲು ಬಿಡುತ್ತಾರೆ. ಅದಕ್ಕೆಂದೇ ಕಾರಿನ ಪತ್ರದಲ್ಲಿ ಒಂದು ಕಾಲಂ ಇದೆ. ಮಾಡಿದವರ ಹೆಸರು, ಊರು. ಮಾಮಾ ಕೇಳಿದ ಆ ಒಂದು ಸಾಲಿಗೆ ಅವರು ಮೊದಲಿನಿಂದಲೂ ಜಾಗ ಬಿಟ್ಟಿದ್ದರು. ಸಾಹೇಬರಿಗೆ ಅದು ಗೊತ್ತಿರಲಿಲ್ಲವೆಂದು ನಂಬುವಷ್ಟು ಪೆದ್ದಿ ನಾನಲ್ಲ. ಎಲ್ಲವೂ ಮೂಲದ್ದೇ ಇರುವ ಕಾರಿನ ಧಣಿ ಎನ್ನಿಸಿಕೊಂಡರೆ ಆ ವಲಯದಲ್ಲಿ ತೂಕವೇ ಬೇರೆ. ಅವರ ಆ ಡೌಲಿಗಾಗಿ ನನ್ನ ಮಾಮಾ ಬರೀ ತೊಳೆದು ಒರೆಸಿದವನಾದ. ಆದರೂ ಮಾಮಾನಿಗೆ ಹೇಳಲಿಲ್ಲ. ಅಷ್ಟರಲ್ಲಿ ನನಗೆ ಸವದತ್ತಿಯಲ್ಲಿ ಕೆಲಸ ಸಿಕ್ಕಿತು, ನಾನು ಇಲ್ಲಿಗೆ ಬಂದೆ. ದೂರ ಬಂದವರಿಗೆ ಸುಮ್ಮನಿರುವುದು ಸುಲಭ.

ಹೋದ ವರ್ಷ ಹಳೆಯ ರೇಸ್ ಕಾರುಗಳ ಬಗ್ಗೆ ಬರೆಯುವ ವಿದೇಶಿ ಅಂತರ್ಜಾಲ ಪತ್ರಿಕೆಯೊಂದರಲ್ಲಿ ಆ ಗೇರ್‌ಬಾಕ್ಸಿನ ಚಿತ್ರ ನೋಡಿದೆ. ಪರಿಣತರೊಬ್ಬರು ನಾಲ್ಕು ಪುಟ ಬರೆದಿದ್ದರು. ಮೂಲೆಯಲ್ಲಿ ಓರೆಯಾಗಿರುವ ಮೂರನೆಯ ರಿಬ್ಬು ಕಾರ್ಖಾನೆಯ ಯಾವ ನಕಾಶೆಯಲ್ಲೂ ಇಲ್ಲವಂತೆ. ಆದ್ದರಿಂದ ಇದು ಕಾರ್ಖಾನೆ ಮುಚ್ಚುವ ಮೊದಲು ಯಾರೋ ಅಜ್ಞಾತ ಎಂಜಿನಿಯರ್ ಸೇರಿಸಿದ ಸುಧಾರಣೆ ಇರಬೇಕಂತೆ, ಆ ಕಾಲಕ್ಕೆ ಅದೊಂದು ದೊಡ್ಡ ದೂರದೃಷ್ಟಿಯಂತೆ. ಈಗ ಅದರ ಅಳತೆ ತೆಗೆದು, ಬೇರೆ ದೇಶಗಳಲ್ಲಿ ಉಳಿದಿರುವ ಅದೇ ಜಾತಿಯ ಕಾರುಗಳಿಗೂ ಮೂರು ರಿಬ್ಬಿನ ಪೆಟ್ಟಿಗೆಗಳನ್ನು ಮಾಡುತ್ತಿದ್ದಾರಂತೆ.

ಅಜ್ಞಾತನಂತೆ. ಆ ಅಜ್ಞಾತ ಮುರಗೋಡ ರಸ್ತೆಯಲ್ಲಿ ದಿನಾ ಸಂಜೆ ನಾಲ್ಕಕ್ಕೆ ಚಹಾ ಕುಡಿಯುತ್ತಾನೆ. ಅವನ ರಿಬ್ಬು ಎಂ.ಕೆ. ಹುಬ್ಬಳ್ಳಿಗೆ ಕಬ್ಬು ಹೇರುವ ಟ್ರ್ಯಾಕ್ಟರುಗಳಲ್ಲಿ ಎಷ್ಟು ಬೇಕಾದರೂ ನೋಡಸಿಗುತ್ತದೆ. ಯುರೋಪಿನ ಪಂಡಿತರಿಗೆ ಅದನ್ನು ಹೇಳಬೇಕಾದ ಪುಣೆಯ ಮನುಷ್ಯ ಬಾಯಿ ಮುಚ್ಚಿಕೊಂಡು ಚಪ್ಪಾಳೆ ಗಿಟ್ಟಿಸುತ್ತಿದ್ದ. ಹೇಳಬಹುದಾಗಿದ್ದ ಇನ್ನೊಬ್ಬಳು ಸವದತ್ತಿಯಲ್ಲಿ ಹುಡುಗಿಯರಿಗೆ ಪ್ರಯೋಗಶಾಲೆಯಲ್ಲಿ ಕಂಡದ್ದನ್ನೇ ಬರೆಯಿರಿ, ಲೆಕ್ಕ ಕೂಡಲಿಲ್ಲವೆಂದು ತಿದ್ದಬೇಡಿ ಎಂದು ಪಾಠ ಮಾಡುತ್ತಿದ್ದಳು.

ಒಲೆಯ ಮೇಲೆ ಹಾಲು ಉಕ್ಕಿದ ಆ ದಿನವೇ ಕೂತು ಇಂಗ್ಲಿಷಿನಲ್ಲಿ ಪತ್ರ ಬರೆದೆ. ಪಂದ್ಯ ನಡೆಸುವವರಿಗೆ ಒಂದು, ಆ ಪರಿಣತರಿಗೆ ಒಂದು ಪ್ರತಿ. ಪೆಟ್ಟಿಗೆಯನ್ನು ಯಾರು, ಎಲ್ಲಿ, ಹೇಗೆ ಮಾಡಿದರು, ಮೂರನೆಯ ರಿಬ್ಬು ಏಕೆ ಬಂತು ಎಂದು ಬರೆದೆ. ಅಳತೆಯ ವಹಿ ನನ್ನ ಬಳಿಯೇ ಉಳಿದಿತ್ತು, ಅದರ ಪುಟಗಳನ್ನು ಲಗತ್ತಿಸಿದೆ. ಮೊದಲಿನ ಕಾಗದಕ್ಕೆ ಚನಬಸಪ್ಪನವರು ಸಹಿ ಮಾಡಿದ್ದು ನಾನು ಅದನ್ನು ಸುಳ್ಳಾಗಿ ಓದಿ ಹೇಳಿದ್ದರಿಂದ, ಆ ತಪ್ಪು ನನ್ನದು ಎಂದೂ ಬರೆದು ನನ್ನ ಸಹಿ ಹಾಕಿದೆ. ಅದರ ಪಕ್ಕದಲ್ಲಿ ಮಾಮಾನ ಸಹಿ ಬೇಕಿತ್ತು.

ಭಾನುವಾರ ಬೈಲಹೊಂಗಲಕ್ಕೆ ಹೋದೆ. ಮಾಮಾ ಒಬ್ಬನೇ ಅಂಗಡಿಯಲ್ಲಿ ಯಾವುದೋ ಪಂಪಿನ ಶಾಫ್ಟನ್ನು ಲೇಥ್‌ಗೆ ಕಟ್ಟುತ್ತಿದ್ದ. ನಾನು ಕೂತು ಎಲ್ಲವನ್ನೂ ಹೇಳಿದೆ. ಕಾಗದದಲ್ಲಿ ಏನು ಬರೆದಿತ್ತು, ನಾನು ಏನು ಓದಿದೆ, ಪಂದ್ಯದ ದಿನ ಫೋನಿನಲ್ಲಿ ವಿವರಣೆ ಕೊಡುವವನು ಏನು ಹೇಳುತ್ತಿದ್ದ, ಆ ಕಾಲಂ, ಆ ಅಜ್ಞಾತ ಎಂಜಿನಿಯರ್. ಸಾಹೇಬರನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಅವನು ಲೇಥ್ ಬಂದ್ ಮಾಡಿ, ಕೊನೆಯ ತನಕ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನನ್ನ ಹೆಸರು ಅಂತ ತೋರಿಸಿದ್ದೆಲ್ಲ, ಅದು ನನ್ನ ಹೆಸರ ಹೌದೋ ಅಲ್ಲೋ?” ಎಂದಷ್ಟೇ ಕೇಳಿದ.

“ಹೌದು ಮಾಮಾ. ನಿನ್ನ ಹೆಸರ.”

“ಅಂದ್ರ ಆ ಸುಳ್ಳು ನಾನಽ ಹೇಳಿದಂಗಾತು.”

ಚೀಲದಿಂದ ಹೊಸ ಪತ್ರ ತೆಗೆದೆ. “ಈಗ ಎಲ್ಲಾ ಖರೇ ಬರದೇನಿ. ಓದತೇನಿ ಕೇಳು, ಆಮ್ಯಾಲ ಸಹಿ ಮಾಡಿಯಂತ,” ಎಂದು ಮೊದಲ ಸಾಲು ಶುರು ಮಾಡಿದೆ.

ಮಾಮಾ ಕೈ ಚಾಚಿ ಕಾಗದ ತೆಗೆದುಕೊಂಡ. ಕೈಗೆ ಎಣ್ಣೆಯಿದೆ ಎಂಬುದನ್ನು ಈ ಸಲ ನೋಡಿಕೊಳ್ಳಲಿಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿಕೊಂಡ.

“ಔಷಧ ಅಂಗಡಿ ಶಂಕ್ರಪ್ಪಗ ಇಂಗ್ಲಿಷ್ ಬರತೈತಿ,” ಎಂದ. “ಆಂವ ಓದಿ ಹೇಳ್ಲಿ.”

ಅವನು ರಸ್ತೆ ದಾಟಿ ಹೋದ. ನನ್ನನ್ನು ಜತೆಗೆ ಬಾ ಎಂದು ಕರೆಯಲಿಲ್ಲ.